ಮಧ್ಯಾಹ್ನದವರೆಗಿನ ಊರು

ತಾನು ಹುಟ್ಟಿ, ಬೆಳೆದು, ಮದುವೆಯಾಗಿ, ಮಗಳನ್ನು ಹೆತ್ತ ಊರಿನ ನಕ್ಷೆಯನ್ನು ಅವಳು ಹಡಗಿನ ಪ್ರವಾಸದ ಕೌಂಟರಿನಲ್ಲಿ ಕೇಳಿ ಪಡೆದು ತಂದಳು. ಪ್ರಯಾಣಿಕರಿಗೆ ಪುಕ್ಕಟೆ ಹಂಚುವ ಬಣ್ಣದ ಕಾಗದ ಅದು. ಮೇಲೆ ದಪ್ಪ ಅಕ್ಷರದಲ್ಲಿ, ‘ಅರ್ಧ ದಿನದಲ್ಲಿ ನಡೆದೇ ನೋಡಿ ಮುಗಿಸಬಹುದಾದ ಮುದ್ದಾದ ಬಂದರು’ ಎಂದು ಬರೆದಿತ್ತು.

ಕ್ಯಾಬಿನ್ನಿನ ಮೇಲಿನ ಮಂಚದಿಂದ ಬಗ್ಗಿ ನೋಡಿದ ಜೊತೆಗಾತಿ ನಕ್ಕುಬಿಟ್ಟಳು. “ನಿನ್ನೂರಿಗೆ ನಿನಗೇ ಮ್ಯಾಪ್ ಬೇಕೇನೇ ಕತ್ತರಿ?”

ಹಡಗಿನ ಸಲೂನಿನಲ್ಲಿ ಕೂದಲು ಕತ್ತರಿಸುವವಳಾದ್ದರಿಂದ ಅವಳಿಗೆ ಅಲ್ಲಿ ಕತ್ತರಿ ಎಂದೇ ಹೆಸರು. ಪಕ್ಕದ ಕೋಣೆಯಲ್ಲಿ ಪ್ರಯಾಣಿಕರ ಬೆನ್ನು ತಿಕ್ಕುವ ಜೊತೆಗಾತಿ ಎಣ್ಣೆಯಕ್ಕ. ಎಷ್ಟು ಸೋಪು ಹಚ್ಚಿದರೂ ಅವಳ ಕೈಯಿಂದ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಅವಳು ಹತ್ತಿರ ಬರುವ ಮೊದಲು ವಾಸನೆ ಬಂದು ಹಾಜರಿ ಹಾಕುತ್ತಿತ್ತು.

“ಊರು ಗೊತ್ತಕ್ಕಾ. ಆದ್ರೆ ಬೆಳಿಗ್ಗೆ ಇಳಿದು ಮಧ್ಯಾಹ್ನ ಹತ್ಕೊಳ್ಳೋ ಹಾಗೆ ಅಲ್ಲಿ ಎಂದೂ ಇದ್ದಿಲ್ಲವಲ್ಲ” ಎಂದಳು ಅವಳು.

ಅದು ನಿಜವಾಗಿತ್ತು. ಏಳು ವರ್ಷದ ಹಿಂದೆ ಅವಳು ಹಡಗು ಸೇರಿದಾಗ ಮಗಳಿಗೆ ನಾಲ್ಕು. ಗಂಡ ಕೆಲಸ ಮಾಡುತ್ತಿದ್ದ ಬಂದರಿನ ಐಸ್ ಫ್ಯಾಕ್ಟರಿ ಬಾಗಿಲು ಹಾಕಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಅವಳು ನಡೆಸುತ್ತಿದ್ದ ಪಾರ್ಲರಿಗೆ ಬರುವವರೂ ಅದೇ ಫ್ಯಾಕ್ಟರಿಯವರ ಹೆಂಡಂದಿರು. “ಎರಡು ವರ್ಷ ಹೋಗಿ ಬಾ, ಆಮೇಲೆ ಮುಖ್ಯ ಬೀದೀಲಿ ನಮ್ಮದೇ ಅಂಗಡಿ” ಎಂದು ಅವಳನ್ನು ಹೊರಡಿಸಿದವನು ಅವನೇ. ಎರಡು ವರ್ಷ ಮುಗಿಯುವ ಹೊತ್ತಿಗೆ ಫ್ಯಾಕ್ಟರಿ ತೆರೆದಿತ್ತು, ಆದರೆ ಮನೆಯಲ್ಲಿ ಇನ್ನೊಬ್ಬಳಿದ್ದಳು. ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದು ಅವನು ಹೇಳಿದ. ಜಗಳವಾಡಿದ್ದರೆ ಗೆಲ್ಲುತ್ತಿದ್ದಳೋ ಏನೋ. ಕೈಯಲ್ಲಿದ್ದದ್ದು ಒಂದು ತಿಂಗಳ ರಜೆ. ಅದು ಅಳುವುದರಲ್ಲೇ ಕಳೆದುಹೋಯಿತು. ಆಮೇಲಿನ ರಜೆಗಳಲ್ಲಿ ನಾದಿನಿಯ ಮನೆಯಲ್ಲಿ ಇಳಿದುಕೊಂಡು, ಯಾರದೋ ಮಗಳನ್ನು ನೋಡಲು ಬಂದವಳ ಹಾಗೆ ಹಣ್ಣು ಬಿಸ್ಕತ್ತು ಹಿಡಿದು ತನ್ನದೇ ಹಳೆಯ ಮನೆಯ ಬಾಗಿಲು ತಟ್ಟುತ್ತಿದ್ದಳು. ಈಚಿನ ಎರಡು ವರ್ಷ ಅದೂ ಇರಲಿಲ್ಲ.

ಈ ಸಲ ಹಡಗಿನ ದಾರಿಯಲ್ಲಿ ಮೊದಲ ಬಾರಿಗೆ ಅವಳ ಊರು ಸೇರಿತ್ತು. ಅದೇ ಸಮಯಕ್ಕೆ ಇನ್ನೊಂದು ವಿಷಯವೂ ಕೂಡಿಬಂದಿತು. ಅವಳಿಗೆ ಕೆಲಸ ಕಲಿಸಿದ ಹಿರಿಯಳೊಬ್ಬಳು ಹಡಗು ಬಿಟ್ಟು ದೂರದ ಊರಿನಲ್ಲಿ ಸ್ವಂತ ಸಲೂನ್ ತೆರೆದಿದ್ದಳು. “ಅಂಗಡಿ ಮೇಲೆ ಎರಡು ರೂಮಿದೆ. ಮಗಳನ್ನೂ ಕರ್ಕೊಂಡು ಬಂದ್ಬಿಡು, ಎದುರಿಗೇ ಸ್ಕೂಲು” ಎಂದಿದ್ದಳು. ಆ ಮಾತು ಕೇಳಿದ ದಿನದಿಂದ ಅವಳಿಗೆ ಆ ಎರಡು ರೂಮುಗಳು ಕಣ್ಣಿಗೆ ಕಟ್ಟಿದ್ದವು. ಮಗಳ ಅಪ್ಪನಿಗೆ ಫೋನ್ ಮಾಡಿದಾಗ ಅವನು ಬಾಯಲ್ಲಿ ಏನನ್ನೋ ಅಗಿಯುತ್ತ, “ಅವಳನ್ನೇ ಕೇಳು. ಅವಳು ಹೂಂ ಅಂದ್ರೆ ನಾನು ಅಡ್ಡ ಬರಲ್ಲ” ಎಂದುಬಿಟ್ಟಿದ್ದ. ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ. ಅವನಿಗೆ ದೊಡ್ಡ ಮನಸ್ಸು ಬಂದಿದೆ ಎಂದು ಎಣ್ಣೆಯಕ್ಕನ ಮುಂದೆ ಹೊಗಳಿದ್ದೂ ಆಯಿತು.

“ಎಲ್ಲಿ ಕೇಳ್ತೀಯ?” ಎಂದಳು ಎಣ್ಣೆಯಕ್ಕ, ಮಂಚದಿಂದ ಇಳಿದು ನಕ್ಷೆಯ ಪಕ್ಕ ಕೂತು.

“ಮೊದಲು ಹಗ್ಗದ ಗಾಡೀಲಿ ಗುಡ್ಡದ ಮೇಲೆ ಹೋಗೋದು. ಚಿಕ್ಕೋಳಿದ್ದಾಗ ದಿನಾ ಅದಕ್ಕೇ ಅಳ್ತಿದ್ಲು. ಆಮೇಲೆ ಈ ಗಾಜಿನ ಹೋಟ್ಲಲ್ಲಿ ಊಟ. ಒಂದು ಜೊತೆ ಶೂ ಕೊಡಿಸ್ಬೇಕು. ಆಮೇಲೆ ಇಲ್ಲಿ, ದೋಣಿ ಮೆಟ್ಟಿಲ ಹತ್ರ ಕೂತ್ಕೊಂಡು ಕೇಳೋದು.”

“ಊಟ ಆದ್ಮೇಲೇ ಕೇಳು. ಹಸಿದ ಹೊಟ್ಟೇಲಿ ಯಾರೂ ಯಾವುದಕ್ಕೂ ಹೂಂ ಅನ್ನಲ್ಲ.”

ಬೇರೆ ಹಡಗುಗಳಲ್ಲಿ ಹೋಗಿ ಆ ಊರನ್ನು ನೋಡಿದ್ದ ಮುದುಕಿಯರು ಸಲೂನಿನ ಕುರ್ಚಿಗೆ ಬಂದಾಗಲೆಲ್ಲ ಅವಳು ಅವರನ್ನು ವಿಚಾರಿಸಿದಳು. ಎಲ್ಲಿ ಊಟ ಚೆನ್ನ, ಯಾವ ಕಡೆಯಿಂದ ಹತ್ತಿರ. ಅವರು ತಲೆ ನೆನೆಸಿಕೊಂಡು ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ, ಅವಳೂರನ್ನು ಅವಳಿಗೆ ವರ್ಣಿಸಿದರು. ಅವಳು ಹೂಂಗುಟ್ಟುತ್ತ ಕೇಳಿಸಿಕೊಂಡಳು. ಗಾಜಿನ ಹೋಟೆಲು ಇರುವ ಜಾಗದಲ್ಲಿ ಮೊದಲು ಅವಳ ಸೋದರಮಾವ ಬಲೆ ಹೆಣೆಯುತ್ತಿದ್ದ ಶೆಡ್ ಇತ್ತೆಂದು ಹೇಳಬೇಕೆನಿಸಿದರೂ ಹೇಳಲಿಲ್ಲ.

ಬಿಡುವು ಸಿಗುವುದೇ ಕಷ್ಟವಾಯಿತು. ಊರು ತಲುಪುವ ದಿನದ ಸಂಜೆಯೇ ಕ್ಯಾಪ್ಟನ್ನನ ಔತಣ. ಮಧ್ಯಾಹ್ನದಿಂದಲೇ ಎಲ್ಲ ಕುರ್ಚಿಗಳೂ ಬುಕ್ಕಾಗಿದ್ದವು. ಮೇಲ್ವಿಚಾರಕಿ ಮೂಗು ಮುರಿದು, “ಮಧ್ಯಾಹ್ನಕ್ಕೆ ವಾಪಸ್ ಇರಬೇಕು. ಐದು ನಿಮಿಷ ತಡ ಆದ್ರೂ ಮುಂದೆ ಯಾವ ಊರಲ್ಲೂ ಇಳಿಯೋ ಆಸೆ ಇಟ್ಕೋಬೇಡ” ಎಂದು ಬಿಟ್ಟುಕೊಟ್ಟಳು.

ಆ ದಿನ ಬೆಳಿಗ್ಗೆ ಸಮುದ್ರದ ಮೇಲೆ ಮಂಜು ಹಾಸಿತ್ತು. ಹಡಗು ಬಂದರಿನ ಬಾಯಲ್ಲಿ ನಿಂತೇ ಬಿಟ್ಟಿತು. ಕೊನೆಗೆ ಕಟ್ಟೆಗೆ ತಾಗಿದ ಮೇಲೂ ಪ್ರಯಾಣಿಕರೆಲ್ಲ ಇಳಿಯುವವರೆಗೆ ಕೆಲಸದವರನ್ನು ಬಿಡುವಂತಿಲ್ಲ. ಕೆಳಗಿನ ಬಾಗಿಲಿನ ಹತ್ತಿರ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವಳು ಕಾಲು ಬದಲಿಸುತ್ತ ನಿಂತಳು. ಹೊರಗೆ ಬಂದಾಗ ಅವಳ ಬೆಳಗಿನ ಬಹುಪಾಲು ಪ್ರಯಾಣಿಕರ ಕಾಲಡಿಗೆ ಹೋಗಿತ್ತು.

ಬಂದರಿನ ಗೇಟಿನಾಚೆ ಅತ್ತೆ ಕಂಬಕ್ಕೆ ಒರಗಿ ನಿಂತಿದ್ದಳು. ಪಕ್ಕದಲ್ಲಿ ಮಗಳು. ಹುಡುಗಿ ಅಜ್ಜಿಯ ಕಿವಿಯವರೆಗೆ ಬೆಳೆದಿದ್ದಾಳೆ, ಮುಖದ ಮಗುತನ ಆಗಲೇ ಕರಗತೊಡಗಿದೆ. ಓಡಿ ಹೋಗಿ ತಬ್ಬಿಕೊಂಡಳು. ಹುಡುಗಿ ತಬ್ಬಿಸಿಕೊಂಡಳು, ಬಿಡಿಸಿಕೊಳ್ಳಲಿಲ್ಲ, ಕೈಯನ್ನೂ ಎತ್ತಲಿಲ್ಲ.

“ಚೆನ್ನಾಗಿದ್ದೀರಾ?” ಎಂದಳು.

ಎರಡು ವರ್ಷದ ಹಿಂದೆ ಇದೇ ಹುಡುಗಿ ಅವಳನ್ನು ‘ನೀನು’ ಎನ್ನುತ್ತಿದ್ದಳು. ಅಜ್ಜಿಗೆ ಈಗಲೂ ನೀನೇ. ಅವಳು ಏನೂ ಗಮನಿಸದವಳಂತೆ, “ನೋಡು, ಎಷ್ಟು ಉದ್ದ ಆಗ್ಬಿಟ್ಟಿದೆ ನನ್ನ ಗುಬ್ಬಿ!” ಎಂದಳು.

“ಗುಬ್ಬಿ ಅನ್ಬೇಡಿ. ಯಾರಾದ್ರೂ ಕೇಳಿಸ್ಕೊಂಡ್ರೆ ಸ್ಕೂಲಲ್ಲೆಲ್ಲ ಹೇಳ್ತಾರೆ.”

ಅತ್ತೆ ನಡುವೆ ಬಾಯಿ ಹಾಕಿದಳು. “ದಾರೀಲಿ ನಿಂತ್ಕೊಂಡೇ ಮಾತಾಡ್ತೀರೋ, ಎಲ್ಲಾದ್ರೂ ಹೋಗ್ತೀರೋ? ನನ್ನ ಮಂಡಿ ಕೇಳ್ತಾ ಇದೆ.” ಅವಳಿಗೆ ಹಳೆಯ ಸೊಸೆಯ ಮೇಲೆ ಸಿಟ್ಟಿರಲಿಲ್ಲ. ಪ್ರೀತಿಯಿತ್ತೆಂದು ಹೇಳುವುದೂ ಕಷ್ಟ. ಇಬ್ಬರೂ ಒಂದೇ ಒಲೆಯ ಮುಂದೆ ಆರು ವರ್ಷ ಕಳೆದಿದ್ದರು, ಅದರ ಸಲುಗೆ ಉಳಿದಿತ್ತು.

ಹಗ್ಗದ ಗಾಡಿಯ ನಿಲ್ದಾಣಕ್ಕೆ ಹೋದರೆ ಸಾಲು ಬೀದಿಯ ತಿರುವು ದಾಟಿ ನಿಂತಿತ್ತು. ಎಲ್ಲರ ಹೆಗಲಲ್ಲೂ ಅವಳ ಹಡಗಿನದೇ ನೀಲಿ ಚೀಲ. ಅವಳಿಗೆ ಅಲ್ಲೇ ತಲೆ ಚಚ್ಚಿಕೊಳ್ಳುವ ಹಾಗಾಯಿತು.

“ಹಡಗು ಬಂದ ದಿನ ಊರವರು ಯಾರೂ ಈ ಕಡೆ ಬರೋದೇ ಇಲ್ಲ” ಎಂದಳು ಮಗಳು. ದೂರುವ ದನಿಯಲ್ಲಿ ಅಲ್ಲ, ಗೊತ್ತಿಲ್ಲದವರಿಗೆ ತಿಳಿಸಿಕೊಡುವ ದನಿಯಲ್ಲಿ.

ಗುಡ್ಡ ಬಿಟ್ಟು ಗಾಜಿನ ಹೋಟೆಲಿಗೆ ನಡೆದರು. ಅತ್ತೆಯ ಮಂಡಿಯ ದೆಸೆಯಿಂದ ಆ ಅಂಗೈಯಗಲದ ಊರೂ ಉದ್ದವಾಯಿತು. ಬಾಗಿಲಲ್ಲಿ ನಿಂತಿದ್ದವನು, “ಇವತ್ತು ಪೂರ್ತಿ ಹಡಗಿನವರಿಗೆ ಬುಕ್ ಆಗಿದೆ” ಎಂದ.

“ನಾನೂ ಹಡಗಿನವಳೇ.”

ಅವನು ಅವಳ ಕೊರಳಲ್ಲಿದ್ದ ಕೆಲಸದವರ ಗುರುತಿನ ಚೀಟಿ ನೋಡಿ ಮರ್ಯಾದೆಯಾಗಿಯೇ ತಲೆಯಾಡಿಸಿದ. ಅಷ್ಟರಲ್ಲಿ ಒಳಗಿನ ಮೇಜೊಂದರಿಂದ, “ಓ, ನಮ್ಮ ಹುಡುಗಿ!” ಎಂದು ಕೂಗು ಕೇಳಿತು. ಅವಳ ಕುರ್ಚಿಗೆ ದಿನ ಬಿಟ್ಟು ದಿನ ಬರುವ ಮುದುಕಿ. “ಒಳ್ಳೇ ಸಮಯಕ್ಕೆ ಬಂದೆ. ಈ ಗಾಳಿಗೆ ನೋಡು, ನೀನು ಕಟ್ಟಿದ್ದೆಲ್ಲ ಬಿಚ್ಚೋಗಿದೆ. ಒಂಚೂರು ಸರಿ ಮಾಡಿಬಿಡಮ್ಮ.”

ಅವಳು ಒಳಗೆ ಹೋಗಿ ಮುದುಕಿಯ ಹಿಂದೆ ನಿಂತಳು. ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಗಂಟು ಬಿಗಿದಳು. ಮುದುಕಿ ಕನ್ನಡಿಯಲ್ಲಿ ನೋಡಿಕೊಂಡು, ಬಾಗಿಲಲ್ಲಿ ನಿಂತವರ ಕಡೆ ಬೆರಳು ತೋರಿ “ಯಾರದು?” ಎಂದಳು. “ನನ್ನ ಮಗಳು” ಎಂದಳು ಇವಳು, ತುಸು ಗಟ್ಟಿಯಾಗಿಯೇ. “ಅದೃಷ್ಟವಂತೆ! ಅಮ್ಮ ಹಡಗಲ್ಲಿದ್ದಾಳೆ ಅಂದ್ರೆ ಸುಮ್ನೇನಾ” ಎಂದು ಮುದುಕಿ ಮೇಜಿನ ಮೇಲಿದ್ದ ಚಾಕಲೇಟೊಂದನ್ನು ಕೊಟ್ಟು ಕಳಿಸಿದಳು. ಒಳ್ಳೆಯ ಹೆಂಗಸೇ.

ಹೊರಗೆ ಬಂದ ಮೇಲೆ ಮಗಳು ಕೇಳಿದಳು. “ಅವರು ನಿಮ್ಮ ಓನರಾ?”

“ಅಲ್ಲಮ್ಮ, ಪ್ರಯಾಣಿಕರು.”

“ಮತ್ತೆ ರಜದಲ್ಲೂ ಯಾಕೆ ಮಾಡಿಕೊಟ್ರಿ?”

“ಆಗಲ್ಲ ಅನ್ನೋಕಾಗಲ್ಲ ಕಣೇ.”

“ನಮ್ಮಮ್ಮ ಆಗಿದ್ರೆ ಅಂತಿದ್ಲು” ಎಂದು ಹುಡುಗಿ ಚಾಕಲೇಟನ್ನು ಬಿಚ್ಚದೆ ಅಜ್ಜಿಯ ಚೀಲಕ್ಕೆ ಹಾಕಿದಳು. ಆ ಇನ್ನೊಬ್ಬಳಿಗೆ ಹುಟ್ಟಿದ ತಮ್ಮನಿಗೆ ಕೊಡಲು ಎಂದಳು.

ಶೂ ಅಂಗಡಿಗೆ ಹೋಗುವಷ್ಟು ಹೊತ್ತು ಉಳಿದಿರಲಿಲ್ಲ. ಬೇಕರಿಯಲ್ಲಿ ಬನ್ನು, ಮೂರು ಬಾಟಲಿ ಹಣ್ಣಿನ ರಸ ತೆಗೆದುಕೊಂಡು ದೋಣಿಗೆ ಕಾಯುವವರ ಹಜಾರದಲ್ಲಿ ಕೂತರು. ದೋಣಿ ಮೆಟ್ಟಿಲ ಮೇಲೆ ಪ್ರಯಾಣಿಕರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅತ್ತೆ, “ನಾನು ಆ ಕಡೆ ಕಾಲು ಚಾಚ್ಕೊಂಡು ಕೂತ್ಕೋತೀನಿ” ಎಂದು ಬೆಂಚಿನ ಆ ತುದಿಗೆ ಹೋದಳು. ಬನ್ನು ಒಣಗಿತ್ತು. ಹುಡುಗಿ ಅರ್ಧ ತಿಂದು, ಉಳಿದದ್ದನ್ನು ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿ, ಕೈ ಕಟ್ಟಿ ಕೂತಳು. ಪರೀಕ್ಷೆಯ ಕೊಠಡಿಯಲ್ಲಿ ಕೂತ ಹಾಗೆ.

ಅವಳು ಕೇಳಿದಳು. ಎರಡು ರೂಮು, ಎದುರಿನ ಶಾಲೆ, ಕಿಟಕಿ, ಪ್ರತಿ ದಿನ ಒಟ್ಟಿಗೆ ಊಟ. ವಾರಗಟ್ಟಲೆ ಮನಸ್ಸಿನಲ್ಲಿ ತಿದ್ದಿ ತೀಡಿದ ಮಾತುಗಳೆಲ್ಲ ಗಡಿಬಿಡಿಯಲ್ಲಿ ಒಂದರ ಮೇಲೊಂದು ಬಿದ್ದವು.

ಹುಡುಗಿ ಗಮನವಿಟ್ಟು ಕೇಳಿದಳು. “ಅಲ್ಲಿ ಸಮುದ್ರ ಇದ್ಯಾ?”

“ಇಲ್ಲ. ಕೆರೆ ಇದೆಯಂತೆ.”

“ತಮ್ಮ?”

“ಅವನು ಇಲ್ಲೇ ಇರ್ತಾನೆ. ರಜದಲ್ಲಿ ಬಂದು ನೋಡ್ಬಹುದು.”

“ನಾನು ಪಕ್ಕದಲ್ಲಿ ಇಲ್ದಿದ್ರೆ ಅವನು ಮಲಗಲ್ಲ.” ಆಮೇಲೆ ಮುಖ ಎತ್ತಿ, ಹೇಳಲೇಬೇಕಾದ್ದನ್ನು ಹೇಳಿ ಮುಗಿಸುವವಳಂತೆ ಹೇಳಿದಳು. “ನಾನು ಹೊರಟುಹೋದ್ರೆ ಅಮ್ಮ ತುಂಬಾ ಅಳ್ತಾಳೆ. ಅವಳಿಗೆ ನನ್ನ ಬಿಟ್ಟು ಇದ್ದು ಗೊತ್ತೇ ಇಲ್ಲ. ನಿಮಗಾದ್ರೆ ಅಭ್ಯಾಸ ಇದೆ, ಅಲ್ವಾ?”

ಆ ಮಾತಿನಲ್ಲಿ ಕೊಂಕಿರಲಿಲ್ಲ, ಹಗೆಯಿರಲಿಲ್ಲ. ಇಬ್ಬರಲ್ಲಿ ಯಾರಿಗೆ ನೋವು ಕಡಿಮೆಯಾಗುತ್ತದೆ ಎಂದು ಕೂತು ಯೋಚಿಸಿ, ಕಂಡುಕೊಂಡ ಉತ್ತರವನ್ನು ಹುಡುಗಿ ಮುಂದಿಟ್ಟಿದ್ದಳು ಅಷ್ಟೆ. ಅವಳು ಬಾಯಲ್ಲಿದ್ದ ಬನ್ನಿನ ತುಂಡನ್ನು ರಸ ಕುಡಿದು ಇಳಿಸಿದಳು.

“ಹೂಂ. ನಂಗೆ ಅಭ್ಯಾಸ ಇದೆ” ಎಂದಳು. “ಅದಕ್ಕೆಲ್ಲ ನೀನು ತಲೆ ಕೆಡಿಸ್ಕೋಬೇಡ.”

ಹುಡುಗಿಯ ಹೆಗಲು ಸಡಿಲವಾದದ್ದು ಅವಳ ಕಣ್ಣಿಗೇ ಕಂಡಿತು. ದೊಡ್ಡದೊಂದು ಉಸಿರು ಬಿಟ್ಟು, ಸುತ್ತಿಟ್ಟ ಬನ್ನನ್ನು ಮತ್ತೆ ಬಿಚ್ಚಿ ಪೂರ್ತಿ ತಿಂದಳು.

ವಾಪಸ್ ಗೇಟಿನ ಕಡೆ ನಡೆಯುವಾಗ ಗೋದಾಮುಗಳ ಮೂಲೆ ತಿರುಗುತ್ತಲೇ ಹಡಗಿನ ಪಕ್ಕೆ ಪೂರ್ತಿ ಎದುರಿಗೆ ಬಂತು. ಹುಡುಗಿ ನಿಂತುಬಿಟ್ಟಳು.

“ಅಬ್ಬಾ, ಎಷ್ಟು ಕಿಟಕಿ! ನಿಮ್ಮದ್ಯಾವುದು?”

“ನಮಗೆಲ್ಲಿ ಕಿಟಕಿ? ನಾವು ಇರೋದು ಅದರ ಕೆಳಗೆ. ನೀರಿನ ಮಟ್ಟಕ್ಕಿಂತ ಕೆಳಗೆ.”

“ನೀರಿನ ಕೆಳಗಾ! ನೀನು ನೀರಿನ ಕೆಳಗೆ ಮಲಗ್ತೀಯಾ?” ಹುಡುಗಿಯ ಕಣ್ಣು ಅರಳಿತು. “ಮೀನು ಬಂದು ಬಡಿಯೋದು ಕೇಳ್ಸುತ್ತಾ? ಹೆದರಿಕೆ ಆಗಲ್ವಾ ನಿನಗೆ? ಮಂಚ ಜಾರಲ್ವಾ?” ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಬೆಳಗಿನಿಂದ ಮೊದಲ ಸಲ ಅವಳೇ ಅಮ್ಮನ ಕೈ ಹಿಡಿದು ಎಳೆದಳು. “ತೋರಿಸ್ತೀಯಾ? ಒಂದೇ ಒಂದ್ಸಲ. ನಿನ್ನ ರೂಮು ನೋಡಿ ಬಂದ್ಬಿಡ್ತೀನಿ.”

ವಾರಗಟ್ಟಲೆ ಹಾಕಿದ ಯೋಜನೆಯಲ್ಲಿ ಹಡಗು ಎಲ್ಲೂ ಇರಲಿಲ್ಲ. ಆ ಇಕ್ಕಟ್ಟಾದ, ಎಣ್ಣೆ ವಾಸನೆಯ, ಎರಡು ಮಂಚದ ಡಬ್ಬಿಯನ್ನು ಯಾರಾದರೂ ನೋಡಲು ಆಸೆಪಡುತ್ತಾರೆ ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಮಗಳ ಕೈ ಹಿಡಿದು ಬಹುತೇಕ ಓಡಿದಳು. ಗೇಟಿನ ಕಾವಲುಗಾರ ಅವಳ ಚೀಟಿ ನೋಡಿ ಒಳಗೆ ಬಿಟ್ಟ, ಹುಡುಗಿಯ ಮುಂದೆ ಕೈ ಅಡ್ಡ ಹಿಡಿದ.

“ನನ್ನ ಮಗಳು. ಹತ್ತೇ ನಿಮಿಷ, ಹೀಗೆ ಹೋಗಿ ಹಾಗೆ ಬರ್ತೀವಿ.”

“ಹಡಗಿನಿಂದ ಮೊದಲೇ ಹೆಸರು ಬಂದಿರ್ಬೇಕಮ್ಮ. ಪಾಸ್ ಇಲ್ದೆ ಯಾರನ್ನೂ ಬಿಡೋ ಹಾಗಿಲ್ಲ.”

“ಮಗು ಸ್ವಾಮಿ ಅದು!”

“ನನ್ನ ಕೆಲ್ಸ ಹೋಗುತ್ತೆ” ಎಂದ ಅವನು, ಬೇಸರದಿಂದಲೇ. ಮೇಲ್ವಿಚಾರಕಿಗೆ ಫೋನ್ ಮಾಡಿದಳು. “ಎಲ್ಲಿದ್ದೀಯ? ನಿನ್ನ ಕುರ್ಚೀಲಿ ಜನ ಕೂತಾಯ್ತು” ಎಂದಷ್ಟೇ ಉತ್ತರ ಬಂದು ಫೋನ್ ಕಟ್ಟಾಯಿತು.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. “ಪರವಾಗಿಲ್ಲ, ಬಿಡಿ” ಎಂದಳು. “ನಿಮಗೆ ತಡ ಆಗುತ್ತೆ.”

ಅಷ್ಟು ಹೊತ್ತಿಗೆ ಏದುಸಿರು ಬಿಡುತ್ತ ಅತ್ತೆ ಬಂದು ಸೇರಿದಳು. ಮೊಮ್ಮಗಳನ್ನು ನೆರಳಲ್ಲಿ ನಿಲ್ಲುವಂತೆ ಕಳಿಸಿ, ತಗ್ಗಿದ ದನಿಯಲ್ಲಿ ಹೇಳಿದಳು. “ನೀನು ಕೆಟ್ಟವಳಲ್ಲ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ ನಾನು. ಆದ್ರೆ ಇನ್ನೊಂದ್ಸಲ ಮಗೂನ ಈ ಮಾತು ಕೇಳ್ಬೇಡ. ನೀನು ಕೇಳ್ತೀಯ ಅಂತ ಅವರಪ್ಪ ವಾರದ ಹಿಂದೇನೇ ಅವಳಿಗೆ ಹೇಳಿದ್ದ. ಆವತ್ತಿಂದ ಅದಕ್ಕೆ ಊಟ ಸೇರಿಲ್ಲ. ಬೆಳಿಗ್ಗೆಯಿಂದ ನೀನು ಯಾವಾಗ ಕೇಳ್ತೀಯೋ ಅಂತ ಉಸಿರು ಬಿಗಿ ಹಿಡ್ಕೊಂಡು ಓಡಾಡ್ತಾ ಇತ್ತು.”

ಅವಳು ತಲೆಯಾಡಿಸಿದಳು. ಮಗಳ ಅಪ್ಪನ ದೊಡ್ಡ ಮನಸ್ಸಿನ ಅರ್ಥ ಆಗ ಆಯಿತು. ಗೇಟಿನಾಚೆಯಿಂದ ಕೈ ಬೀಸಿದಳು. ಹುಡುಗಿಯೂ ಬೀಸಿದಳು, ಆದರೆ ಅವಳ ಕಣ್ಣು ಅಮ್ಮನ ತಲೆಯ ಮೇಲಿನಿಂದ ಹಡಗಿನ ಮೇಲಿತ್ತು.

ಸಂಜೆಯವರೆಗೆ ಅವಳು ಕುರ್ಚಿಯಿಂದ ಕುರ್ಚಿಗೆ ತಿರುಗಿದಳು. ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಕೆಲಸದವರ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಎಣ್ಣೆಯಕ್ಕನಿಗೆ ಎಲ್ಲ ಹೇಳಿದಳು. ಗೇಟಿನ ಮಾತು ಬಂದಾಗ ಎಣ್ಣೆಯಕ್ಕ ಹಣೆ ಬಡಿದುಕೊಂಡಳು. “ಅಯ್ಯೋ ನಿನ್ನ! ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ? ಎರಡು ದಿನ ಮುಂಚೆ ಹೆಸರು ಕೊಟ್ಟಿದ್ರೆ ಮುಗೀತಿತ್ತು. ಹೋದ ತಿಂಗಳು ಅಡುಗೆಮನೆಯವನ ಅಕ್ಕನ ಮಕ್ಕಳು ಇಡೀ ಹಡಗನ್ನ ಗಿರಗಿಟ್ಲೆ ಹಾಗೆ ಸುತ್ತಿ ಹೋದ್ವು.”

ಅವಳು ತಟ್ಟೆಯನ್ನು ಹಾಗೇ ಇಟ್ಟು ಸಾಲು ಬಿಟ್ಟು ಹೋದಳು.

ಮುಂದಿನ ಸುತ್ತಿನಲ್ಲಿ ಹಡಗು ಮತ್ತೆ ಆ ಊರಿಗೆ ಬರುವುದಿತ್ತು. ಈ ಸಲ ಅವಳು ಮೊದಲೇ ಅಜ್ಜಿ ಮೊಮ್ಮಗಳಿಬ್ಬರ ಪಾಸು ಮಾಡಿಸಿದಳು. ಎಣ್ಣೆಯಕ್ಕ ಕ್ಯಾಬಿನ್ನನ್ನು ಒರೆಸಿ ಹೊಳೆಸಿದಳು. ತನ್ನ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ಬಚ್ಚಿಟ್ಟಳು. ಎಂಜಿನ್ ಕೋಣೆಯವನೊಬ್ಬ ದೊಡ್ಡ ಯಂತ್ರ ತೋರಿಸುವುದಾಗಿ ಒಪ್ಪಿಕೊಂಡ. ಹಿಂದಿನ ದಿನ ನಾದಿನಿಯ ಫೋನ್ ಬಂತು.

“ಅವಳು ಬರಲ್ಲ ಕಣೇ ಅತ್ತಿಗೆ. ಹೇಗೆ ಹೇಳೋದು ಅಂತ ಬೆಳಿಗ್ಗೆಯಿಂದ ಒದ್ದಾಡ್ತಿದ್ದೀನಿ.”

“ಅವಳಪ್ಪ ಬೇಡ ಅಂದ್ನಾ?”

“ಇಲ್ಲ. ಯಾರೂ ಬೇಡ ಅನ್ಲಿಲ್ಲ. ಹುಡುಗಿ ಕುಣಿದಾಡ್ತಾ ಇದ್ಲು, ನೀರಿನ ಕೆಳಗಿನ ರೂಮು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ಲು. ಅದನ್ನ ನೋಡಿ ಅವಳು, ಅದೇ ನಮ್ಮಣ್ಣನ ಹೆಂಡ್ತಿ, ಒಂದು ಮಾತೂ ಆಡ್ಲಿಲ್ಲ. ಅಡುಗೆಮನೇಲಿ ನಿಂತ್ಕೊಂಡು ಸುಮ್ನೆ ಅತ್ಲು. ಇವಳು ನೋಡ್ಬಿಟ್ಲು. ಆಮೇಲೆ ತಾನೇ ಬಂದು ನಂಗೆ ಹೋಗೋಕೆ ಇಷ್ಟ ಇಲ್ಲ ಅಂದ್ಲು.”

“ಸರಿ ಬಿಡು” ಎಂದಳು ಅವಳು. ಬೈಯಲು ಯಾರೂ ಸಿಗಲಿಲ್ಲ. ಆ ಇನ್ನೊಬ್ಬಳೂ ಮಗುವನ್ನು ಪ್ರೀತಿಸುತ್ತಿದ್ದಳು, ಅಷ್ಟೆ. ಇಷ್ಟು ವರ್ಷ ಜ್ವರ ಬಂದ ರಾತ್ರಿ ಎದ್ದವಳು, ಜಡೆ ಹಾಕಿದವಳು ಅವಳೇ.

ದೂರದ ಊರಿನ ಸಲೂನಿಗೆ ಬರುವುದಿಲ್ಲವೆಂದು ತಿಳಿಸಿದಳು. ಎರಡು ರೂಮಿನಲ್ಲಿ ಒಬ್ಬಳೇ ಇರುವುದಕ್ಕಿಂತ ಕಿಟಕಿಯಿಲ್ಲದ ಡಬ್ಬಿಯೇ ವಾಸಿ ಅನಿಸಿತು. ಇಲ್ಲಿ ಖಾಲಿ ಎಂದು ತೋರುವಷ್ಟು ಜಾಗವೇ ಇರಲಿಲ್ಲ. ಹಡಗಿನವರು ಕೇಳಿದಾಗ ಇನ್ನೂ ಎರಡು ವರ್ಷಕ್ಕೆ ಒಪ್ಪಿಕೊಂಡಳು.

ಆ ಋತುವಿನಲ್ಲಿ ಹಡಗು ಕೊನೆಯ ಸಲ ಆ ಬಂದರಿಗೆ ಬಂದ ದಿನ ಆಕಾಶ ತಿಳಿಯಾಗಿತ್ತು, ಹೊತ್ತಿಗೆ ಸರಿಯಾಗಿ ಕಟ್ಟೆಗೆ ತಾಗಿತು. ಅವಳ ಪಾಲಿನ ಬಿಡುವನ್ನು ಅವಳು ಎಣ್ಣೆಯಕ್ಕನಿಗೆ ಬಿಟ್ಟುಕೊಟ್ಟಳು.

“ನಿಜವಾಗ್ಲೂ ಇಳಿಯಲ್ವಾ?” ಎಂದಳು ಎಣ್ಣೆಯಕ್ಕ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತು.

“ಇಳಿದು ಏನ್ಮಾಡ್ಲಿ? ನೀನು ಹೋಗಿ ಬಾ.”

ಇಳಿಯದೆ ಉಳಿದ ಪ್ರಯಾಣಿಕರು ಕೆಲವರಿದ್ದರು. ಅವರಲ್ಲೊಬ್ಬ ನಡುಗುವ ಕೈಗಳ ಮುದುಕ ತಲೆ ತೊಳೆಸಿಕೊಳ್ಳಲು ಬಂದ. ಅವಳು ಅವನ ಕುತ್ತಿಗೆಗೆ ಬಟ್ಟೆ ಸುತ್ತಿ, ಕುರ್ಚಿ ಒರಗಿಸಿ, ನೀರಿನ ಬಿಸಿಯನ್ನು ಮೊದಲು ತನ್ನ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿದಳು. “ಸಾಕಾ?” ಎಂದು ಕೇಳಿದಳು. ಅವನು ಕಣ್ಣು ಮುಚ್ಚಿಕೊಂಡೇ ಇನ್ನೂ ಸ್ವಲ್ಪ ಬಿಸಿ ಬೇಕೆಂದ. ಅವನಾದ ಮೇಲೆ ಇನ್ನೊಬ್ಬರು ಬಂದರು, ಅವರಾದ ಮೇಲೆ ಮತ್ತೊಬ್ಬರು. ಹೊರಡುವ ಹೊತ್ತಿಗೆ ಎಂಜಿನ್ ಶುರುವಾದದ್ದು ಅವಳ ಕಾಲಡಿಯಲ್ಲಿ ಗೊತ್ತಾಯಿತು. ಬೋಗುಣಿಯ ನೀರು ಸಣ್ಣಗೆ ನಡುಗಿತು. ಅವಳು ನಲ್ಲಿ ತಿರುಗಿಸಿ ಸೋಪಿನ ನೊರೆಯನ್ನು ತೊಳೆಯತೊಡಗಿದಳು.